ಊರಿಲ್ಲದ ಬಿಷಪ್, ಅಂಚೆಟ್ಟಿಯ ದುರ್ಗ

ಹೊಸೂರಿನ ಆಲಸನತ್ತದಿಂದ ಆನೇಕಲ್ಲಿಗೆ ಬೈಕಿನಲ್ಲಿ ಹೊರಟರೆ ಒಂದು ಗಂಟೆಯೂ ಬೇಡ. ದಕ್ಷಿಣಕ್ಕೆ ತಿರುಗಿ ಡೆಂಕಣಿಕೋಟೆ ದಾಟಿದರೆ ಅಂಚೆಟ್ಟಿಯ ಕಾಡು. ಪೂರ್ವಕ್ಕೆ ಶೂಲಗಿರಿಯ ಇಳಿಜಾರು ಇಳಿದರೆ ಕೃಷ್ಣಗಿರಿ. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದ ಮೇಲೆ ನಿಂತು ಕೈ ತೋರಿಸುತ್ತಾ ಹೇಳಬಹುದಾದಷ್ಟು ಹತ್ತಿರದ ಊರುಗಳಿವು. 1760ರ ಮಳೆಗಾಲದಿಂದ ಮುಂದಿನ ಐದಾರು ತಿಂಗಳು ಮೈಸೂರು ಸೀಮೆ ಯಾರ ಕೈಗೆ ಹೋಗಬೇಕೆಂಬ ಲೆಕ್ಕ ಈ ಮೂರು ದಿಕ್ಕಿನ ನಡುವೆಯೇ ತೂಗಾಡಿತು. ಆ ತಕ್ಕಡಿಯನ್ನು ಮೊದಲು ಅಲುಗಿಸಿದವರಲ್ಲಿ ಒಬ್ಬ ಕ್ರೈಸ್ತ ಬಿಷಪ್ ಇದ್ದ ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗುವ ಸಂಗತಿಯಲ್ಲ.

ಹೆಸರು ಆಂಟೋನಿಯೊ ಜೋಸೆ ಡಿ ನೊರೊನ್ಹಾ. ಪೋರ್ಚುಗೀಸ್ ಸಂನ್ಯಾಸಿ, ಗೋವಾದ ಕಡೆಯವನು. ಪದವಿ ಮಾತ್ರ ಹ್ಯಾಲಿಕಾರ್ನಾಸಸ್ಸಿನ ಬಿಷಪ್. ಹ್ಯಾಲಿಕಾರ್ನಾಸಸ್ ಎಂದರೆ ಇವತ್ತಿನ ತುರ್ಕಿಯ ಬೋದ್ರುಂ. ಅಲ್ಲಿ ಕಥೋಲಿಕ ಪೀಠ ಅಳಿದು ಎಷ್ಟೋ ಶತಮಾನಗಳಾಗಿದ್ದವು. ರೋಮಿನ ಚರ್ಚಿನಲ್ಲಿ ಇಂಥ ಅಳಿದುಹೋದ ಊರುಗಳ ಹೆಸರಿನಲ್ಲಿ ಬಿಷಪ್ ಪದವಿ ಕೊಡುವ ಪದ್ಧತಿ ಇದೆ. ಮೊಹರು ಉಂಟು, ಮುಕುಟ ಉಂಟು, ಕಾಯಲು ಕುರಿಮಂದೆ ಇಲ್ಲ. ನಮ್ಮ ಕಡೆ ಜಮೀನಿಲ್ಲದ ಜೋಡಿದಾರ ಅನ್ನುತ್ತಾರಲ್ಲ, ಹಾಗೆ. ಕುರಿ ಕಾಯುವ ಕೆಲಸವಿಲ್ಲದ ಈ ಬಿಷಪ್ಪನಿಗೆ ಬೇರೆ ಕೆಲಸಕ್ಕೆ ಪುರಸೊತ್ತು ಬೇಕಾದಷ್ಟಿತ್ತು.

ಆ ಬೇರೆ ಕೆಲಸ ಶುರುವಾದದ್ದು ಮದ್ರಾಸಿನ ಪಕ್ಕದ ಸ್ಯಾನ್ ಥೋಮೆಯಲ್ಲಿ. ಪಾಂಡಿಚೇರಿಯ ಗವರ್ನರ್ ಡೂಪ್ಲೆಯ ಹೆಂಡತಿಗೆ ಈ ಪಾದ್ರಿ ಬಂಧು ಎಂದು ಜನ ಹೇಳುತ್ತಿದ್ದರು. ಇಂಗ್ಲಿಷರ ಕೋಟೆಯಿಂದ ಕೂಗಳತೆಯ ದೂರದಲ್ಲಿ ಕೂತು ಅವನು ಫ್ರೆಂಚರಿಗೆ ಸುದ್ದಿ ಮುಟ್ಟಿಸುತ್ತಿದ್ದಾನೆ ಎಂಬ ಗುಮಾನಿ ಹುಟ್ಟಿತು. 1749ರಲ್ಲಿ ಅಡ್ಮಿರಲ್ ಬೊಸ್ಕಾವೆನ್ ಸ್ಯಾನ್ ಥೋಮೆಗೆ ನುಗ್ಗಿ, ಪಾದ್ರಿಯನ್ನು ಹಿಡಿದು ಹಡಗು ಹತ್ತಿಸಿ ಯುರೋಪಿಗೆ ರವಾನಿಸಿದ. ಪೀಡೆ ತೊಲಗಿತು ಎಂದುಕೊಂಡಿರಬೇಕು ಇಂಗ್ಲಿಷರು. ಗಡೀಪಾರಾಗಿ ಹೋದವನು ಬಿಷಪ್ ಆಗಿ ಮರಳಿದ.

ಅವನು ಮರಳಿ ಬಂದ ಕಾಲಕ್ಕೆ ಫ್ರೆಂಚರ ನಸೀಬು ಕೆಟ್ಟಿತ್ತು. 1760ರ ಜನವರಿಯಲ್ಲಿ ವಾಂಡಿವಾಷಿನಲ್ಲಿ ಇಂಗ್ಲಿಷರ ಐರ್ ಕೂಟ್ ಎದುರು ಫ್ರೆಂಚ್ ಸೇನಾಪತಿ ಕೌಂಟ್ ಲಾಲಿ ಸೋತ. ಒಂದೊಂದೇ ಕೋಟೆ ಕೈಬಿಟ್ಟು ಬೇಸಿಗೆಯ ಹೊತ್ತಿಗೆ ಪಾಂಡಿಚೇರಿಯೂ ಒಂದೆರಡು ಕೋಟೆಗಳೂ ಮಾತ್ರ ಉಳಿಯುವ ಹಾಗಾಯಿತು. ಸಂಬಳ ಇಲ್ಲ, ಅಕ್ಕಿ ಇಲ್ಲ, ಸಮುದ್ರದಲ್ಲಿ ಇಂಗ್ಲಿಷ್ ಹಡಗುಗಳು. ಲಾಲಿಗೆ ಬೇಕಾಗಿದ್ದದ್ದು ಕುದುರೆ ಮತ್ತು ಎತ್ತು. ಎರಡೂ ಹೇರಳವಾಗಿದ್ದ ಹತ್ತಿರದ ರಾಜ್ಯ ಮೈಸೂರು. ಅಲ್ಲಿ ಆಗಷ್ಟೇ ಮೇಲೆದ್ದಿದ್ದ ಹೈದರಾಲಿಯ ಜೊತೆ ಮಾತುಕತೆ ನಡೆಸಬಲ್ಲವರು ಯಾರೆಂದು ಹುಡುಕಿದಾಗ ಲಾಲಿಯ ಕಣ್ಣು ಬಿಷಪ್ಪನ ಮೇಲೆ ಬಿತ್ತು.

ಹೈದರನೂ ಆಗ ಪೂರ್ವಕ್ಕೇ ಕಣ್ಣು ನೆಟ್ಟಿದ್ದ. ಹೊಸೂರಿನ ಪ್ರಸ್ಥಭೂಮಿಯ ಕೆಳಗೆ ಹರಡಿದ ಬಾರಾಮಹಲು, ಅಂದರೆ ಕೃಷ್ಣಗಿರಿ, ಜಗದೇವಿ, ಮಹಾರಾಜಗಡ, ವೀರಭದ್ರದುರ್ಗ, ತಟ್ಟಕಲ್ಲು ಮುಂತಾದ ಗುಡ್ಡದ ಕೋಟೆಗಳ ಸೀಮೆ, ಕಡಪಾ ನವಾಬನ ವಶದಲ್ಲಿತ್ತು. ಅದನ್ನು ಹಿಂದೆ ಆಳಿದ್ದ ಅಸದ್ ಖಾನ್ ಮೇಕ್ರಿ ಹೈದರನ ಜೊತೆ ಸೇರಿಕೊಂಡು ದಾರಿ ತೋರಿಸಿದ. ಹೈದರನ ಭಾವಮೈದ ಮಖ್ದೂಂ ಅಲಿ ಸೈನ್ಯದೊಂದಿಗೆ ಮೊದಲು ಆನೇಕಲ್ ಪಾಳೇಗಾರನನ್ನು ಮಣಿಸಿದ, ಆಮೇಲೆ ಘಟ್ಟ ಇಳಿದು ಬಾರಾಮಹಲನ್ನು ಹಿಡಿದ. ಅಲ್ಲಿಂದ ಚೆಂಗಂ ಕಣಿವೆ ದಾಟಿದರೆ ಕರ್ನಾಟಕದ ಬಯಲು, ನವಾಬ ಮಹಮ್ಮದಾಲಿಯ ಆರ್ಕಾಟು. ಈ ಹಳೆಯ ‘ಕರ್ನಾಟಕ’ ನಮ್ಮ ಇವತ್ತಿನ ಕರ್ನಾಟಕವಲ್ಲ ಎಂದು ಪ್ರತಿ ಸಲವೂ ಹೇಳಬೇಕಾಗಿ ಬರುವುದು ಕನ್ನಡದಲ್ಲಿ ಇತಿಹಾಸ ಬರೆಯುವವರ ಹಣೆಬರಹ.

ಜೂನ್ ತಿಂಗಳಲ್ಲಿ ಒಪ್ಪಂದ ಕುದುರಿತು. ಮೈಸೂರಿನವರು ಸಾವಿರಾರು ಸವಾರರನ್ನೂ ಸಿಪಾಯಿಗಳನ್ನೂ ಕೊಟ್ಟು, ಪಾಂಡಿಚೇರಿಗೆ ಅಕ್ಕಿ ಮತ್ತು ದನ ಸಾಗಿಸಬೇಕು. ಪ್ರತಿಯಾಗಿ ಫ್ರೆಂಚರು ತ್ಯಾಗದುರ್ಗದ ಕೋಟೆಯನ್ನು ಬಿಟ್ಟುಕೊಡಬೇಕು. ಯುದ್ಧ ಗೆದ್ದರೆ ದಕ್ಷಿಣದ ಮಧುರೆ, ತಿರುನೆಲ್ವೇಲಿಗಳ ಆಸೆಯನ್ನೂ ತೋರಿಸಿದ್ದರು. ಕೈಯಲ್ಲಿಲ್ಲದ್ದನ್ನು ಕೊಡುವುದರಲ್ಲಿ ಎಲ್ಲ ಕಾಲದ ರಾಯಭಾರಿಗಳೂ ಧಾರಾಳಿಗಳು. ಒಪ್ಪಂದದ ತಾರೀಖಿನ ಬಗ್ಗೆ ಹಳೆಯ ಇಂಗ್ಲಿಷ್ ಇತಿಹಾಸಕಾರರಲ್ಲೇ ಒಮ್ಮತವಿಲ್ಲ. ಒಬ್ಬರು ತಿಂಗಳ ಮೊದಲ ವಾರ ಎಂದರೆ ಇನ್ನೊಬ್ಬರು ಕೊನೆಯ ವಾರ ಎನ್ನುತ್ತಾರೆ. ಮಾತು ಒಪ್ಪಿದ ದಿನ ಒಂದು, ಮೊಹರು ಬಿದ್ದ ದಿನ ಇನ್ನೊಂದು ಎಂದುಕೊಂಡರೆ ಜಗಳ ಅಲ್ಲಿಗೆ ಮುಗಿಯುತ್ತದೆ.

ಜುಲೈಯಲ್ಲಿ ತಿರುವದಿಯ ಹತ್ತಿರ ಮಖ್ದೂಮನ ಪಡೆಯನ್ನು ತಡೆಯಲು ಮೇಜರ್ ಮೂರ್ ಎಂಬವನು ಬಂದ. ಮೈಸೂರು ಸವಾರರು ಅವನ ತುಕಡಿಯನ್ನು ಚದುರಿಸಿಬಿಟ್ಟರು. ಹೈದರನ ದಂಡಿಗೂ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ದಂಡಿಗೂ ನಡೆದ ಮೊದಮೊದಲ ಕೈಕೈ ಇದು, ಗೆದ್ದವರು ನಮ್ಮವರು. ದನದ ಹಿಂಡು ಪಾಂಡಿಚೇರಿ ಮುಟ್ಟಿತು. ಇಷ್ಟರ ಮಟ್ಟಿಗೆ ಬಿಷಪ್ಪನ ಕೆಲಸ ಕೈಗೂಡಿತು ಅನ್ನಬಹುದು. ಆದರೆ ಹಸಿದ ಕೋಟೆಯಲ್ಲಿ ಕೂತು ಲಾಲಿ ಹಾಕುವ ಲೆಕ್ಕಕ್ಕೂ, ಬಯಲಿನಲ್ಲಿ ಕುದುರೆ ಮೇಯಿಸುತ್ತಾ ಮಖ್ದೂಂ ಹಾಕುವ ಲೆಕ್ಕಕ್ಕೂ ತಾಳೆ ಬೀಳಲಿಲ್ಲ. ಕೆಲವು ವಾರ ಇದ್ದು, ಆಗಸ್ಟಿನಲ್ಲಿ ಮೈಸೂರಿನವರು ಗಂಟುಮೂಟೆ ಕಟ್ಟಿದರು. ಬೇಸರ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಶ್ರೀರಂಗಪಟ್ಟಣದಿಂದ ಬಂದ ಓಲೆ.

ಬಿಷಪ್ಪನ ಒಪ್ಪಂದದ ನಿಜವಾದ ಪರಿಣಾಮ ಕಂಡದ್ದು ಪಾಂಡಿಚೇರಿಯಲ್ಲಲ್ಲ, ಕಾವೇರಿಯ ದಂಡೆಯಲ್ಲಿ. ಹೈದರ್ ತನ್ನ ಒಳ್ಳೆಯ ದಂಡನ್ನೆಲ್ಲ ಭಾವಮೈದನ ಜೊತೆ ಕಳಿಸಿ, ಅಲ್ಪಸ್ವಲ್ಪ ಜನರನ್ನು ಇಟ್ಟುಕೊಂಡು ರಾಜಧಾನಿಯ ಮಗ್ಗುಲಲ್ಲಿ ಕೂತಿದ್ದ. ದಳವಾಯಿ ನಂಜರಾಜಯ್ಯನನ್ನು ಹಿಂದಿನ ವರ್ಷವಷ್ಟೇ ಕೋಣನೂರಿಗೆ ಕಳಿಸಿ ಅಧಿಕಾರ ತನ್ನದು ಮಾಡಿಕೊಂಡಿದ್ದ. ಅರಮನೆಯಲ್ಲಿ ಇಮ್ಮಡಿ ಕೃಷ್ಣರಾಜ ಒಡೆಯರೂ ಹಿರಿಯ ರಾಣಿಯೂ ಒಬ್ಬ ಸರ್ವಾಧಿಕಾರಿ ಹೋಗಿ ಇನ್ನೊಬ್ಬ ಬಂದನಲ್ಲ ಎಂದು ಹಲ್ಲು ಕಚ್ಚಿಕೊಂಡಿದ್ದರು. ಖಂಡೇರಾಯ ಅವರಿಗೆ ನೆರವಾದ. ದಿಂಡಿಗಲ್ಲಿನ ದಿನಗಳಿಂದ ಹೈದರನ ಲೆಕ್ಕಪತ್ರ ನೋಡಿಕೊಂಡು ಬಂದಿದ್ದ, ಅವನ ಏಳಿಗೆಯ ಒಂದೊಂದು ಕಾಸೂ ಗೊತ್ತಿದ್ದ ಬ್ರಾಹ್ಮಣ. ಲೆಕ್ಕದವನಾದ್ದರಿಂದಲೇ ಹೈದರನ ಖಾತೆ ಯಾವ ದಿನ ಬರಿದಾಗಿದೆ ಎಂಬುದು ಅವನಿಗೆ ಕರಾರುವಾಕ್ಕಾಗಿ ತಿಳಿದಿತ್ತು.

1760ರ ಆಗಸ್ಟ್ 12ರ ಬೆಳಗ್ಗೆ ಕೋಟೆಯ ಬಾಗಿಲು ತೆರೆಯಲಿಲ್ಲ. ತೋಪು ಹಾರಿತು. ಹೈದರನಿಗೆ ಖಂಡೇರಾಯನನ್ನು ಕರೆಸಿ ಕೇಳೋಣವೆನ್ನಿಸಿತಂತೆ. ಕರೆಯಲು ಹೋದವರು ಆ ತೋಪುಗಳಿಗೆ ಹುಕುಂ ಕೊಡುತ್ತಿರುವವನೇ ಖಂಡೇರಾಯ ಎಂಬ ಸುದ್ದಿ ತಂದರು. ಹಗಲೆಲ್ಲ ಹೇಗೋ ಕಳೆದು, ಕತ್ತಲಾದ ಮೇಲೆ ಹೈದರ್ ಬೆರಳೆಣಿಕೆಯ ಸವಾರರ ಜೊತೆ ಹೊಳೆ ದಾಟಿದ. ಹೆಂಡತಿ, ಇನ್ನೂ ಹತ್ತು ತುಂಬದ ಮಗ ಟಿಪ್ಪು, ಎಲ್ಲರೂ ಹಿಂದೆಯೇ ಉಳಿದರು.

ಅವನು ಕುದುರೆ ತಿರುಗಿಸಿದ್ದು ನೇರ ಬೆಂಗಳೂರಿಗಲ್ಲ. ಬೆಂಗಳೂರಿನ ಕಿಲ್ಲೇದಾರ ಕಬೀರ್ ಬೇಗ್ ಹಳೆಯ ಗೆಳೆಯನೇ, ಆದರೆ ಇಂಥ ರಾತ್ರಿಯಲ್ಲಿ ಗೆಳೆತನವನ್ನು ಯಾರು ನಂಬುತ್ತಾರೆ? ಆನೇಕಲ್ಲಿನಲ್ಲಿ ಇನ್ನೊಬ್ಬ ಭಾವಮೈದ ಇಸ್ಮಾಯಿಲ್ ಅಲಿ ಇದ್ದ. ಅಲ್ಲಿಗೆ ಮುಟ್ಟಿ, ಅವನನ್ನು ಮುಂದೆ ಕಳಿಸಿ, ಬೆಂಗಳೂರಿನ ಬಾಗಿಲು ತನಗೆ ತೆರೆದಿದೆ ಎಂದು ಖಚಿತ ಮಾಡಿಕೊಂಡ ಮೇಲೆಯೇ ಅಲ್ಲಿಂದ ಎದ್ದ. ಇಪ್ಪತ್ತು ಗಂಟೆಯಲ್ಲಿ 98 ಮೈಲಿ, ಅದರಲ್ಲಿ ಮೊದಲ 75 ಮೈಲಿ ಒಂದೇ ಕುದುರೆಯ ಮೇಲೆ ಎಂದು ಇತಿಹಾಸಕಾರ ವಿಲ್ಕ್ಸ್ ಲೆಕ್ಕ ಕೊಡುತ್ತಾನೆ. ಆ ಕುದುರೆಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಬರೆದಿಡಬೇಕಿತ್ತು. ಆನೇಕಲ್ ಪಾಳೇಗಾರನನ್ನು ಆ ವರ್ಷ ಮಣಿಸದೆ ಬಿಟ್ಟಿದ್ದರೆ ಆ ರಾತ್ರಿ ಹೈದರನಿಗೆ ಇಳಿದುಕೊಳ್ಳಲು ಒಂದು ಮನೆಯೂ ಇರುತ್ತಿರಲಿಲ್ಲ. ಅಷ್ಟರಮಟ್ಟಿಗೆ ಅವನ ಪೂರ್ವದ ದಂಡಯಾತ್ರೆ ಅವನನ್ನು ಕಾಯಿತು. ರಾಜಧಾನಿಯನ್ನು ಬರಿದು ಮಾಡಿ ಅವನನ್ನು ಕೆಡವಿದ್ದೂ ಅದೇ ದಂಡಯಾತ್ರೆ.

ಬೆಂಗಳೂರಿನಲ್ಲಿ ಸಾಹುಕಾರರು ಸಾಲ ಕೊಟ್ಟರು. ಸೈನ್ಯ ಬೇಕಲ್ಲ? ಸೈನ್ಯವೆಲ್ಲ ಮಖ್ದೂಮನ ಬಳಿ. ಅವನು ಬಾರಾಮಹಲಿನ ಕೋಟೆಗಳಿಂದ ಜನರನ್ನು ಕೂಡಿಸಿಕೊಂಡು ಘಟ್ಟ ಹತ್ತುವಷ್ಟರಲ್ಲಿ, ಖಂಡೇರಾಯ ಮೊದಲೇ ಮಾತಾಡಿ ಕರೆಸಿಕೊಂಡಿದ್ದ ವಿಸಾಜಿ ಪಂತನ ಮರಾಠಾ ಪಡೆ ದಾರಿಗೆ ಅಡ್ಡ ಬಂತು. ಮಖ್ದೂಂ ಹಿಂದೆ ಸರಿದು ಅಂಚೆಟ್ಟಿದುರ್ಗವನ್ನು ಹೊಕ್ಕು ಬಾಗಿಲು ಹಾಕಿಕೊಂಡ. ಹೈದರನ ಇಡೀ ಭವಿಷ್ಯ ಆ ಕಲ್ಲುಗುಡ್ಡದ ಮೇಲೆ ಸಿಕ್ಕಿಕೊಂಡು ಕೂತಿತು.

ಆ ಸೀಮೆಯನ್ನು ಕಂಡವರಿಗೆ ಇದರ ಕಷ್ಟ ಬೇಗ ತಿಳಿಯುತ್ತದೆ. ಡೆಂಕಣಿಕೋಟೆಯ ಆಚೆ ನೆಲ ಒಂದೇ ಸಮ ಇರುವುದಿಲ್ಲ. ಬಂಡೆ, ಜಾಲಿ, ಬಿದಿರು, ಮತ್ತೆ ಬಂಡೆ. ಆನೆ ಓಡಾಡುವ ಕಾಡು. ಗುಡ್ಡದ ಮೇಲೆ ಇದ್ದವನಿಗೆ ಕೆಳಗಿನವನು ಕಾಣುತ್ತಾನೆ, ಸರಿ. ಆದರೆ ಮೇಲಿದ್ದವನಿಗೆ ನೀರು ಬೇಕು, ಹುಲ್ಲು ಬೇಕು, ಸಾವಿರಾರು ಕುದುರೆಗಳಿಗೆ ಹುರುಳಿ ಬೇಕು. ಮರಾಠರಿಗೆ ಗೋಡೆ ಹತ್ತುವ ದರ್ದಿರಲಿಲ್ಲ. ದಾರಿ ಕಾದುಕೊಂಡು ಕೂತರೆ ಸಾಕಿತ್ತು. ಹೈದರ್ ಫಜಲುಲ್ಲಾ ಖಾನನ ಕೈಗೆ ತನ್ನಲ್ಲಿ ಉಳಿದಿದ್ದ ಜನರನ್ನೆಲ್ಲ ಕೊಟ್ಟು ಬಿಡಿಸಿಕೊಂಡು ಬರಲು ಕಳಿಸಿದ. ಮರಾಠರ ಸಾಲು ಒಡೆಯಲಾಗದೆ, ಬಹಳ ಜನರನ್ನು ಕಳೆದುಕೊಂಡು ಆ ಪ್ರಯತ್ನವೂ ಮುಗ್ಗರಿಸಿತು.

ಇನ್ನು ಉಳಿದದ್ದು ಚೌಕಾಸಿ. ಇಲ್ಲಿ ಬಿಷಪ್ ಮತ್ತೆ ಬರುತ್ತಾನೆ, ಈ ಸಲ ಇನ್ನೊಂದು ಬಾಗಿಲಿನಿಂದ. ಮೈಸೂರಿನ ನೆರವು ಕೈಕೊಟ್ಟ ಮೇಲೆ ಅವನು ಫ್ರೆಂಚರ ಪರವಾಗಿ ಮರಾಠರ ಜೊತೆಯೇ ಮಾತಿಗೆ ಕೂತಿದ್ದ. ಪಾಂಡಿಚೇರಿಯನ್ನು ಉಳಿಸಿ, ಬೇಕಾದ್ದು ಕೊಡುತ್ತೇವೆ ಎಂದು. ಮಾತಾಡಿದ್ದು ಅದೇ ವಿಸಾಜಿ ಪಂತನ ಹತ್ತಿರ! ಹೀಗೆ ಒಬ್ಬನೇ ಮರಾಠಾ ಸರದಾರನ ಡೇರೆಯ ಮುಂದೆ ಮೈಸೂರಿನ ದೊರೆತನವೂ ಫ್ರೆಂಚರ ರಾಜಧಾನಿಯೂ ಹರಾಜಿಗೆ ನಿಂತವು. ಪಾಂಡಿಚೇರಿಯ ಹರಾಜಿನಲ್ಲಿ ಮಹಮ್ಮದಾಲಿಯ ದುಡ್ಡು ಮೇಲಾಯಿತು. ದುಡ್ಡಿಲ್ಲದ ಲಾಲಿಯ ಪರವಾಗಿ ಬಿಷಪ್ ಮಾಡಬಹುದಾಗಿದ್ದದ್ದು ಮಾತು ಮಾತ್ರ. ಮೈಸೂರಿನ ಹರಾಜಿನಲ್ಲಿ ಹೈದರ್ ಇಡೀ ಬಾರಾಮಹಲನ್ನೂ ಮೂರು ಲಕ್ಷ ರೂಪಾಯಿಯನ್ನೂ ಮುಂದಿಟ್ಟ. ವಿಸಾಜಿ ಥಟ್ಟನೆ ಒಪ್ಪಿಕೊಂಡ.

ಅಷ್ಟು ಸುಲಭವಾಗಿ ಒಪ್ಪಿದ್ದೇ ಹೈದರನಿಗೆ ಸೋಜಿಗವಾಯಿತು. ಇನ್ನಷ್ಟು ಹಿಂಡಬಹುದಾದವನು ಏಕೆ ಬಿಟ್ಟ? ಉತ್ತರ ಕೃಷ್ಣೆಯಾಚೆ, ಯಮುನೆಯ ಕಡೆ ಇತ್ತು. ಮರಾಠರ ಪೇಶ್ವೆಯ ದೊಡ್ಡ ದಂಡು ಆಫ್ಘನ್ ದೊರೆ ಅಬ್ದಾಲಿಯ ಎದುರು ಪಾಣಿಪತ್ತಿನಲ್ಲಿ ಕಂದಕ ತೋಡಿ ಕೂತಿತ್ತು. ದಕ್ಷಿಣದ ಪಡೆಗಳಿಗೆ ಹಿಂದಿರುಗುವ ಆತುರ. ಹೈದರನಿಗೆ ವಾಸನೆ ಹತ್ತಿತು. ರೊಕ್ಕ ಸಂದಾಯ ಮಾಡಿ, ಬಾರಾಮಹಲನ್ನು ಬಿಟ್ಟುಕೊಡುವ ಕಾಗದವನ್ನೂ ಬರೆದುಕೊಟ್ಟು, ಕೊಡಬೇಡ ಎಂದು ಮಖ್ದೂಮನಿಗೆ ಗುಟ್ಟಾಗಿ ಹೇಳಿಕಳಿಸಿದ. ಅಂಚೆಟ್ಟಿಯ ಬಾಗಿಲು ತೆರೆಯಿತು, ಸೈನ್ಯ ಹೊರಬಂತು, ಕೋಟೆಗಳು ಅವನಲ್ಲೇ ಉಳಿದವು. 1761ರ ಜನವರಿ 14ರಂದು ಪಾಣಿಪತ್ ಮುಗಿಯಿತು. ಎರಡು ದಿನ ಬಿಟ್ಟು, ಜನವರಿ 16ರಂದು, ಪಾಂಡಿಚೇರಿ ಕೂಟನಿಗೆ ಶರಣಾಯಿತು. ಹೊಸ ವರ್ಷದ ರಾತ್ರಿ ಬೀಸಿದ ಚಂಡಮಾರುತ ಇಂಗ್ಲಿಷ್ ಹಡಗುಗಳನ್ನು ಮುಳುಗಿಸಿದ್ದರೂ ಒಳಗಿನ ಹಸಿವನ್ನು ಅದು ನೀಗಿಸಲಿಲ್ಲ.

ಸೋತ ಪಾಂಡಿಚೇರಿಯಿಂದ ಹೈದರನಿಗೆ ಸಿಕ್ಕಿದ ಪಾಲು ವಿಚಿತ್ರವಾದದ್ದು. ಕೋಟೆಯ ಹೊರಗಿದ್ದ ಸುಮಾರು 300 ಮಂದಿ ಫ್ರೆಂಚ್ ಸವಾರರೂ ಕಾಲಾಳುಗಳೂ ಅಲೇನ್ ಮತ್ತು ಹ್ಯೂಗೆಲ್ ಎಂಬ ಅಧಿಕಾರಿಗಳ ಹಿಂದೆ ಘಟ್ಟ ಹತ್ತಿ ಅವನ ಚಾಕರಿಗೆ ಸೇರಿದರು. ಲಾಲಿಗೆ ಮೈಸೂರಿನ ಸೈನ್ಯ ಕೊಡಿಸಲು ಹುಟ್ಟಿದ ನಂಟು ಕೊನೆಗೆ ಲಾಲಿಯ ಸೈನ್ಯವನ್ನೇ ಮೈಸೂರಿಗೆ ಕೊಟ್ಟಿತು. ಬಿಷಪ್ ಹೂಡಿದ ಆಟದಲ್ಲಿ ಅವನ ಪಕ್ಷ ಸೋತು, ಎದುರು ಕೂತವನು ಗೆದ್ದ.

ಮುಂದಿನದು ಗೊತ್ತಿರುವ ಕತೆ, ಬೇಗ ಹೇಳಿಬಿಡುತ್ತೇನೆ. ನಂಜನಗೂಡಿನ ಹತ್ತಿರ ಹೈದರ್ ಮತ್ತೊಮ್ಮೆ ಸೋತ. ಕೋಣನೂರಿಗೆ ಓಡಿ, ತಾನೇ ಮನೆಗೆ ಕಳಿಸಿದ್ದ ನಂಜರಾಜಯ್ಯನ ಬಾಗಿಲಲ್ಲಿ ಅಡ್ಡಬಿದ್ದ. ನಂಜರಾಜಯ್ಯನ ಮೊಹರು ಒತ್ತಿದ ಸುಳ್ಳು ಕಾಗದಗಳನ್ನು ಖಂಡೇರಾಯನ ಕೈಗೇ ಬೀಳುವಂತೆ ಮಾಡಿದ. ತನ್ನ ಸರದಾರರೇ ತನ್ನನ್ನು ಹಿಡಿದುಕೊಡುತ್ತಾರೆಂದು ಬೆದರಿ ಖಂಡೇರಾಯ ದಂಡು ಬಿಟ್ಟು ಓಡಿದ. 1761ರ ಬೇಸಿಗೆಯ ಕೊನೆಗೆ ಎಲ್ಲ ಮುಗಿಯಿತು. ಖಂಡೇರಾಯನನ್ನು ಒಪ್ಪಿಸಿ ಎಂದಾಗ ಅರಮನೆಯವರು ಜೀವ ಉಳಿಸಬೇಕೆಂದು ಬೇಡಿಕೊಂಡರು. ಗಿಳಿಯ ಹಾಗೆ ಸಾಕುತ್ತೇನೆ ಎಂದು ಹೈದರ್ ಮಾತು ಕೊಟ್ಟನಂತೆ. ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿ ಮಾತು ಉಳಿಸಿಕೊಂಡ.

ಖಂಡೇರಾಯ ದ್ರೋಹಿಯೋ ಸ್ವಾಮಿನಿಷ್ಠನೋ ಎಂಬ ವಾದ ಇನ್ನೂ ಬಗೆಹರಿದಿಲ್ಲ. ಹೈದರನ ಚರಿತ್ರೆ ಬರೆದ ಕಿರ್ಮಾನಿಯ ಕಡೆಯ ಬರವಣಿಗೆಗೆ ಅವನು ಉಂಡ ಮನೆಗೆ ಎರಡು ಬಗೆದವನು. ಅರಮನೆಯ ಕಡೆಯಿಂದ ನೋಡಿದರೆ ಒಡೆಯರ ಕಟ್ಟಕಡೆಯ ಸೇವಕ. ವಿಲ್ಕ್ಸ್ ಎರಡನ್ನೂ ಹೇಳಿದರೂ ಕಂಪನಿಯ ಅಧಿಕಾರಿಯಾಗಿ ಬರೆದವನು. ಹೈದರ್ ಎಷ್ಟು ಕಪಟಿಯಾಗಿ ಕಂಡರೆ ಅವನ ಪುಸ್ತಕಕ್ಕೆ ಅಷ್ಟು ಒಳ್ಳೆಯದು. ನನಗಂತೂ ಖಂಡೇರಾಯ ಬುದ್ಧಿವಂತನಾಗಿ ಕಾಣುತ್ತಾನೆ, ಒಂದು ತಪ್ಪು ಬಿಟ್ಟು: ಆ ರಾತ್ರಿ ಹೈದರನನ್ನು ಹೊಳೆ ದಾಟಲು ಬಿಟ್ಟದ್ದು.

ಕೋಟೆಗಳು ಉಳಿದದ್ದರಿಂದ ಯುದ್ಧವೂ ಈ ಸೀಮೆಯಲ್ಲೇ ಉಳಿಯಿತು. 1767ರಿಂದ ಕಂಪನಿಯ ಸೈನ್ಯ ಬಾರಾಮಹಲಿಗೆ ನುಗ್ಗಿ ಘಟ್ಟ ಹತ್ತಿತು. 1768ರ ನವೆಂಬರಿನಲ್ಲಿ ಹೈದರ್ ಹೊಸೂರನ್ನು ಮುತ್ತಿದ್ದಾಗ ಬಿಡಿಸಲು ಬಂದ ಕರ್ನಲ್ ವುಡ್, ತನ್ನ ಭಾರಿ ತೋಪುಗಳನ್ನೂ ಸರಂಜಾಮನ್ನೂ ಬಾಗಲೂರಿನಲ್ಲಿ ಬಿಟ್ಟು ಹಗುರಾಗಿ ಹೊಸೂರಿಗೆ ನಡೆದ. ಹೈದರ್ ಮಗ್ಗುಲಿನಿಂದ ಸುತ್ತಿ ನೇರ ಬಾಗಲೂರಿಗೆ ಬಿದ್ದ. ಕೋಟೆಯವರು ಹೆದರಿ ಬಾಗಿಲು ಮುಚ್ಚಿದರು. ಒಳಗೆ ಹೋಗಲು ನೂಕಾಡಿದ ಪರಿವಾರದವರು, ಹೆಂಗಸರು ಮಕ್ಕಳು ಸಹಿತ, ಬಾಗಿಲ ಮುಂದೆಯೇ ತುಳಿತಕ್ಕೆ ಸಿಕ್ಕಿ ಸತ್ತರು. ತೋಪುಗಳು ಬೆಂಗಳೂರಿಗೆ ಹೋದವು. ಮುಂದಿನ ಏಪ್ರಿಲ್‌ನಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಬಂದು ಕಂಪನಿಯಿಂದ ಸಂಧಿ ಬರೆಸಿಕೊಂಡ. 1792ರಲ್ಲಿ ಬಾರಾಮಹಲು ಕಂಪನಿಗೆ ಹೋಯಿತು. ಮೇಲಿನ ಹೊಸೂರು ಸೀಮೆ 1799ರವರೆಗೂ ಮೈಸೂರಿನದಾಗಿಯೇ ಇತ್ತು. ಶೂಲಗಿರಿಯ ಇಳಿಜಾರಿನ ಮೇಲೂ ಕೆಳಗೂ ಮಾತು ಬೇರೆಯಾಗಿ ಕೇಳಿಸುವುದಕ್ಕೆ ಇದೊಂದೇ ಕಾರಣವಲ್ಲ, ಆದರೆ ಇದೂ ಒಂದು.

ಬಿಷಪ್ಪನಿಗೆ ಏನಾಯಿತು? ಅದಕ್ಕೆ ಮೊದಲು, ಹೋಲಿಕೆಗಾಗಿ, ಇವನ ಹಾಗೆಯೇ ಯುದ್ಧಕ್ಕೆ ಇಳಿದ ಇನ್ನೊಬ್ಬ ಬಿಷಪ್ಪನ ವಿಷಯ ಹೇಳಬೇಕು. ನೂರು ವರ್ಷದ ಮೇಲೆ ಅಮೆರಿಕದಲ್ಲಿ ಲಿಯೊನಿಡಾಸ್ ಪೋಕ್ ಎಂಬ ಬಿಷಪ್ ಇದ್ದ. ವೆಸ್ಟ್ ಪಾಯಿಂಟ್ ಸೇನಾಶಾಲೆಯಲ್ಲಿ ಕಲಿತು, ಕತ್ತಿ ಬಿಟ್ಟು ನಿಲುವಂಗಿ ತೊಟ್ಟು, 1841ರಲ್ಲಿ ಲೂಸಿಯಾನದ ಬಿಷಪ್ ಆದವನು. ನೂರಾರು ಕರಿಯ ಗುಲಾಮರನ್ನಿಟ್ಟುಕೊಂಡು ಕಬ್ಬು ಬೆಳೆಸಿದವನೂ ಅವನೇ. ಅಂತರ್ಯುದ್ಧ ಬಂದಾಗ, 1861ರಲ್ಲಿ, ಗುಲಾಮಗಿರಿಯ ಪರ ನಿಂತ ದಕ್ಷಿಣದವರ ಕಾನ್ಫೆಡರೇಟ್ ಸೈನ್ಯದಲ್ಲಿ ಜನರಲ್ ಆದ. ಬಿಷಪ್ ಪದವಿಯನ್ನೂ ಬಿಡಲಿಲ್ಲ. 1864ರ ಮೇ ತಿಂಗಳಲ್ಲಿ ತನ್ನ ಜೊತೆಯ ಜನರಲ್‌ಗಳಾದ ಹುಡ್ ಮತ್ತು ಜಾನ್ಸ್‌ಟನ್‌ರಿಗೆ ಯುದ್ಧದ ನಡುವೆಯೇ ದೀಕ್ಷಾಸ್ನಾನ ಮಾಡಿಸಿದ. ಜೂನ್ 14ರಂದು ಜಾರ್ಜಿಯಾದ ಪೈನ್ ಮೌಂಟನ್ ಎಂಬ ಗುಡ್ಡದ ಮೇಲೆ ಅಧಿಕಾರಿಗಳ ಗುಂಪು ನಿಂತದ್ದನ್ನು ಎದುರು ಪಕ್ಷದ ಷರ್ಮನ್ ಕಂಡು, ಅವರು ಮರೆಗೆ ಸರಿಯುವಂತೆ ಮಾಡಿ ಎಂದು ತೋಪಿನವರಿಗೆ ಹೇಳಿದ. ಮೊದಲ ಗುಂಡಿಗೆ ಉಳಿದವರು ಚದುರಿದರು. ಪೋಕ್ ಸ್ಥೂಲಕಾಯದವನು, ಓಡುವುದು ಗೌರವವೆಂದು ಭಾವಿಸುವವನೂ ಅಲ್ಲ. ನಿಧಾನವಾಗಿ ನಡೆದ. ಮುಂದಿನ ಗುಂಡೊಂದು ಅವನ ಎದೆಯನ್ನು ಅಡ್ಡಲಾಗಿ ಸೀಳಿ ಹೋಯಿತು. ಜೇಬಿನಲ್ಲಿ ಪ್ರಾರ್ಥನಾ ಪುಸ್ತಕ ಇತ್ತು. ಜೊತೆಗೆ ಗಾಯಾಳುಗಳಿಗಾಗಿ ಬರೆದ ಒಂದು ಪುಟ್ಟ ಭಕ್ತಿಪುಸ್ತಿಕೆಯ ನಾಲ್ಕು ಪ್ರತಿಗಳು, ಮೂರರ ಮೇಲೆ ಗೆಳೆಯ ಜನರಲ್‌ಗಳ ಹೆಸರು ಬರೆದು ಕೊಡಲು ಸಿದ್ಧವಾಗಿಟ್ಟದ್ದು, ರಕ್ತದಲ್ಲಿ ನೆನೆದಿದ್ದವು. ಸೋತ ಪಕ್ಷದವರು ಅವನನ್ನು ಹುತಾತ್ಮನೆಂದರು. ಸೇನಾಪತಿಯಾಗಿ ಅವನು ಸಾಧಾರಣ ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ.

ನೊರೊನ್ಹಾನಿಗೆ ಅಂಥ ಸಾವು ಒದಗಲಿಲ್ಲ, ಅಂಥ ಶ್ರಾದ್ಧವೂ ನಡೆಯಲಿಲ್ಲ. ಅವನು ಸೇವೆ ಮಾಡಿದ ಲಾಲಿಯನ್ನು ಪ್ಯಾರಿಸಿನಲ್ಲಿ 1766ರಲ್ಲಿ ದೇಶದ್ರೋಹದ ಆರೋಪ ಹೊರಿಸಿ ತಲೆ ಕಡಿದರು. ಅವನು ಮಾತಿಗೆ ಕೂತ ಹೈದರ್ ಅಷ್ಟರಲ್ಲಿ ಬಿದನೂರು ಗೆದ್ದು ಪಡುವಣ ಕಡಲು ಮುಟ್ಟಿದ್ದ. ಗೋವಾದ ಪೋರ್ಚುಗೀಸರಿಗೆ ನೆರೆಮನೆಯವನೇ ಆಗಿಬಿಟ್ಟಿದ್ದ. ಪೂರ್ವದ ತೀರದಲ್ಲಿ ಬಿಷಪ್ ನೆರವಿಗೆ ಕರೆದ ಶಕ್ತಿ ಪಶ್ಚಿಮದ ತೀರದಲ್ಲಿ ಅವನ ತವರಿನ ಗಡಿಯಲ್ಲಿ ಬಂದು ನಿಂತಿತು.

1772ರಲ್ಲಿ ಅವನು ಒಂದು ದೊಡ್ಡ ಗ್ರಂಥ ಬರೆದ. ಏಷ್ಯಾದ ಯುದ್ಧಕ್ರಮ, ರಾಜಕೀಯ, ವಂಶಾವಳಿ, ಇತಿಹಾಸ ಎಲ್ಲವನ್ನೂ ತುಂಬಿದ್ದು. ಅದರ ಹೆಸರೇ ಒಂದು ಸಾಲಿನಷ್ಟು ಉದ್ದ, ಆ ಹೆಸರಿನಲ್ಲಿ ಮೊದಲು ಬರುವುದು ಯುದ್ಧ. ದೇವಶಾಸ್ತ್ರದ ಸುಳಿವಿಲ್ಲ. ನಾಲ್ಕು ವರ್ಷ ಕಳೆದು 1776ರಲ್ಲಿ ತೀರಿಕೊಂಡ. ಹಸ್ತಪ್ರತಿ ಅಚ್ಚಾದದ್ದು 1994ರಲ್ಲಿ, ಲಿಸ್ಬನ್ನಿನಲ್ಲಿ, ಪೋರ್ಚುಗೀಸಿನಲ್ಲಿ. ಮೈಸೂರಿನ ಕಡೆಯಿಂದ ಅದೇ ಕಾಲದ ಕತೆ ಹೇಳುವ ನಲ್ಲಪ್ಪನ ಹೈದರ್‌ನಾಮೆ ಕನ್ನಡದಲ್ಲಿದೆ, 1784ರದು. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟುಕೊಂಡು, ಪಕ್ಕದಲ್ಲಿ ಹೊಸೂರು ತಾಲ್ಲೂಕಿನ ನಕ್ಷೆ ಹರಡಿಕೊಂಡು ಓದುವವರಿಗೆ ಕೆಲಸ ಇನ್ನೂ ಬಾಕಿ ಇದೆ.